ಕೊಂಡವರು, ಬೆಳೆಸಿದವರು: ಗ್ರೀನ್ ಬೇ ತಂಡದ ಲೆಕ್ಕಾಚಾರ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಗ್ರೀನ್ ಬೇ ಅಂತ ಒಂದು ಊರಿದೆ. ಜನ ಸುಮಾರು 1 ಲಕ್ಷ 7 ಸಾವಿರ. ಆ ಊರಿನ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ 81 ಸಾವಿರಕ್ಕಿಂತ ಜಾಸ್ತಿ ಮಂದಿ ಕೂರಬಹುದು. ಊರಿನ ಮುಕ್ಕಾಲು ಪಾಲು ಜನ ಒಟ್ಟಿಗೆ ಬಂದು ಕೂತ ಹಾಗಾಯಿತು, ಅಲ್ವಾ? ಅಲ್ಲಿ ಆಡುವ ತಂಡದ ಹೆಸರು ಗ್ರೀನ್ ಬೇ ಪ್ಯಾಕರ್ಸ್. ಆಟ ಅಮೆರಿಕನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಹಿಡಿದು ಕೆಡವುವ ಆಟ.

ಈ ತಂಡಕ್ಕೆ ಧಣಿ ಅಂತ ಒಬ್ಬರಿಲ್ಲ. 1923ರಲ್ಲಿ ಊರವರೇ ಷೇರು ಹಾಕಿ ಉಳಿಸಿಕೊಂಡ ತಂಡ ಇದು. ಈಗ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಅವರಿಗೆ ಒಂದು ಕಾಸಿನ ಲಾಭವೂ ಬರುವುದಿಲ್ಲ. ಎನ್‌ಎಫ್‌ಎಲ್ ಲೀಗ್‌ನ 32 ತಂಡಗಳಲ್ಲಿ ಹೀಗಿರುವುದು ಇದೊಂದೇ. ಉಳಿದ ತಂಡಗಳ ಹಿಂದೆ ದೊಡ್ಡ ದೊಡ್ಡ ಶ್ರೀಮಂತರಿದ್ದಾರೆ. ಹಾಗಿರುವಾಗ ಆಟಗಾರರ ಸಂತೆಯಲ್ಲಿ ಈ ಪುಟ್ಟ ಊರು ಹೇಗೆ ನಿಂತುಕೊಂಡಿತು? ಯಾರನ್ನು ಹೊರಗಿನಿಂದ ತಂದಿತು, ಯಾರನ್ನು ಮನೆಯಲ್ಲೇ ಬೆಳೆಸಿತು, ಯಾರನ್ನು ಕಳೆದುಕೊಂಡಿತು? ಇವತ್ತು ಅದನ್ನೇ ಮಾತಾಡೋಣ.

ಮೊದಲು ಆಟಗಾರರ ಕಡೆಯಿಂದ ನೋಡೋಣ. ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಅದೇ. ಒಂದು ಕಾಲದಲ್ಲಿ ಒಪ್ಪಂದ ಮುಗಿದರೂ ಆಟಗಾರ ತನ್ನಿಷ್ಟದ ತಂಡಕ್ಕೆ ಹೋಗುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. 1989ರಲ್ಲಿ ಒಂದು ಅರೆಬರೆ ವ್ಯವಸ್ಥೆ ಬಂತು. ಪ್ರತಿ ತಂಡ 37 ಆಟಗಾರರನ್ನು ಕಟ್ಟಿಹಾಕಿಕೊಳ್ಳಬಹುದು, ಉಳಿದವರು ಬೇಕಾದರೆ ಹೋಗಬಹುದು. ಅಂದರೆ ಚೆನ್ನಾಗಿ ಆಡುವವನಿಗೇ ಬೀಗ! ನ್ಯೂಯಾರ್ಕ್ ಜೆಟ್ಸ್ ತಂಡದ ಫ್ರೀಮನ್ ಮೆಕ್‌ನೀಲ್ ಮತ್ತು ಇನ್ನು ಕೆಲವರು ಕೋರ್ಟಿಗೆ ಹೋದರು. 1992ರಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಆಟಗಾರರ ಪರವಾಗಿ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಎಲ್ಲ ಆಟಗಾರರ ಪರವಾಗಿ ಇನ್ನೊಂದು ಮೊಕದ್ದಮೆ ಬಿತ್ತು. ಅದರಲ್ಲಿ ಮೊದಲ ಹೆಸರು ರೆಜ್ಜಿ ವೈಟ್ ಅವರದು. ರಾಜಿಯಾಯಿತು. 1993ರ ಮಾರ್ಚ್‌ನಿಂದ ಒಪ್ಪಂದ ಮುಗಿಸಿದ ಅನುಭವಿ ಆಟಗಾರ ಸ್ವತಂತ್ರ. ಅವನನ್ನೇ ಫ್ರೀ ಏಜೆಂಟ್ ಅನ್ನುತ್ತಾರೆ.

ರೆಜ್ಜಿ ವೈಟ್ ಆಗ ಫಿಲಡೆಲ್ಫಿಯಾ ಈಗಲ್ಸ್ ತಂಡದ ರಕ್ಷಣಾ ಆಟಗಾರ. ಎದುರಾಳಿ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನು ಎಸೆಯುವ ಮೊದಲೇ ನುಗ್ಗಿ ಅವನನ್ನು ಕೆಡವುವುದನ್ನು ಸ್ಯಾಕ್ ಅನ್ನುತ್ತಾರೆ. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಜೊತೆಗೆ ಅವರು ಪಾದ್ರಿ ಕೂಡ. ಊರೂರು ತಿರುಗಿ ತಂಡಗಳನ್ನು ನೋಡಿದರು. ದೊಡ್ಡ ನಗರಕ್ಕೇ ಹೋಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಗ್ರೀನ್ ಬೇಯ ಹೆಸರು ಆಗ ಹಾಳಾಗಿತ್ತು. 1960ರ ದಶಕದಲ್ಲಿ ಐದು ಸಲ ಚಾಂಪಿಯನ್ ಆಗಿದ್ದ ತಂಡ, ನಂತರದ 24 ವರ್ಷಗಳಲ್ಲಿ ಪ್ಲೇಆಫ್ ಮುಟ್ಟಿದ್ದು ಎರಡೇ ಸಲ. ಬೇರೆ ತಂಡಗಳ ಕೋಚ್‌ಗಳು ಸರಿಯಾಗಿ ಆಡದವರಿಗೆ "ನಿನ್ನನ್ನು ಗ್ರೀನ್ ಬೇಗೆ ಕಳಿಸ್ತೀನಿ" ಅಂತ ಹೆದರಿಸುತ್ತಿದ್ದರು ಅಂತ ಹೇಳುತ್ತಾರೆ. ವಿಪರೀತ ಚಳಿ, ಸಣ್ಣ ಊರು. ಬಹುತೇಕ ಬಿಳಿಯರೇ ಇದ್ದ ಆ ಊರಿಗೆ ಬರಲು ಕಪ್ಪು ಆಟಗಾರರು ಹಿಂಜರಿಯುತ್ತಿದ್ದರು. ಆ ಹಿಂಜರಿಕೆಗೆ ಕಾರಣವೂ ಇತ್ತು.

ಅಂಥ ಊರಿಗೆ 1993ರ ಏಪ್ರಿಲ್‌ನಲ್ಲಿ ರೆಜ್ಜಿ ವೈಟ್ ಬಂದರು. ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್. ಆ ಸ್ವಾತಂತ್ರ್ಯಕ್ಕಾಗಿ ಕೋರ್ಟಿನಲ್ಲಿ ಹೆಸರು ಕೊಟ್ಟು ನಿಂತ ಮನುಷ್ಯ, ಅದು ಸಿಕ್ಕಿದ ಕೂಡಲೇ ಲೀಗ್‌ನ ಅತಿ ಸಣ್ಣ ಊರನ್ನು ಆರಿಸಿಕೊಂಡರು. ಅವರ ಹಿಂದೆ ಬೇರೆಯವರೂ ಬಂದರು. 1994ರಲ್ಲಿ ಶಾನ್ ಜೋನ್ಸ್, 1996ರಲ್ಲಿ ಸಂಟಾನಾ ಡಾಟ್ಸನ್. ಒಬ್ಬ ಆಟಗಾರನನ್ನು ಕೊಂಡಿದ್ದರಿಂದ ಊರಿನ ಹೆಸರೇ ಬದಲಾಯಿತು.

ಆದರೆ ಇಲ್ಲಿ ಒಂದು ವಿಷಯ ಗಮನಿಸಬೇಕು. ತಂಡಕ್ಕೆ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್ ರಾನ್ ವುಲ್ಫ್ ಅಷ್ಟರಲ್ಲಾಗಲೇ ತಳಪಾಯ ಹಾಕಿದ್ದರು. ಅಟ್ಲಾಂಟಾದಲ್ಲಿ ಬೆಂಚು ಕಾಯುತ್ತಿದ್ದ ಬ್ರೆಟ್ ಫಾರ್ವ್ ಎಂಬ ಎಳೆಯ ಕ್ವಾರ್ಟರ್‌ಬ್ಯಾಕ್‌ಗಾಗಿ 1992ರಲ್ಲಿ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೇ ಬಿಟ್ಟುಕೊಟ್ಟಿದ್ದರು. ಡ್ರಾಫ್ಟ್ ಅಂದರೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಅದರಲ್ಲಿ ಏಳು ಸುತ್ತು. ಆಂಟೋನಿಯೊ ಫ್ರೀಮನ್ ಮೂರನೇ ಸುತ್ತಿನಲ್ಲಿ ಸಿಕ್ಕವರು, ಡಾರ್ಸಿ ಲೆವೆನ್ಸ್ ಐದನೆಯದರಲ್ಲಿ, ಆಡಮ್ ಟಿಮರ್‌ಮನ್ ಕೊನೆಯ ಸುತ್ತಿನಲ್ಲಿ. ಹೀಗೆ ಮನೆಯಲ್ಲಿ ಬೆಳೆದವರ ಮೇಲೆ ಹೊರಗಿನಿಂದ ಬಂದವರು ಕೂತರು. 1997ರ ಜನವರಿ 26ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 35-21ರಿಂದ ಸೋಲಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಪಂದ್ಯಕ್ಕೆ ನಾಲ್ಕು ಕ್ವಾರ್ಟರ್, ಅಂದರೆ ನಾಲ್ಕು ಭಾಗ. ಮೂರನೇ ಕ್ವಾರ್ಟರ್‌ನಲ್ಲಿ ಎದುರಾಳಿ ಮೇಲೇಳುತ್ತಿದ್ದಾಗ ಡೆಸ್ಮಂಡ್ ಹೊವಾರ್ಡ್ 99 ಗಜ ಓಡಿ, ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ಮರುಗಳಿಗೆಯೇ ರೆಜ್ಜಿ ವೈಟ್ ಒಂದರ ಹಿಂದೆ ಒಂದು ಸ್ಯಾಕ್ ಹೊಡೆದರು. ಅಲ್ಲಿಗೆ ಆಟ ಮುಗಿದ ಹಾಗೇ. ಹೊವಾರ್ಡ್ ಆ ವರ್ಷವಷ್ಟೇ ಸೇರಿದ್ದ ಫ್ರೀ ಏಜೆಂಟ್. ಪಂದ್ಯಶ್ರೇಷ್ಠ ಪ್ರಶಸ್ತಿ ಪಡೆದವರು ಕೆಲವೇ ವಾರಗಳಲ್ಲಿ ಓಕ್ಲೆಂಡ್ ತಂಡಕ್ಕೆ ಹೊರಟುಹೋದರು. ಬರುವ ಬಾಗಿಲೇ ಹೋಗುವ ಬಾಗಿಲು ಕೂಡ.

ಇನ್ನು ದುಡ್ಡಿನ ವಿಷಯ. ಐಪಿಎಲ್ ಹರಾಜು ನೋಡುವವರಿಗೆ ಪರ್ಸ್ ಅಂದರೆ ಗೊತ್ತು. ಇಲ್ಲೂ ಹಾಗೆಯೇ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳಕ್ಕೆ ವರ್ಷದ ಮಿತಿ ಇದೆ. 1994ರಲ್ಲಿ ಶುರುವಾದಾಗ ಒಂದು ತಂಡಕ್ಕೆ 3 ಕೋಟಿ 46 ಲಕ್ಷ ಡಾಲರ್. 2025ರಲ್ಲಿ 27 ಕೋಟಿ 92 ಲಕ್ಷ. ಟಿವಿಯಿಂದ ಬರುವ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಗ್ರೀನ್ ಬೇ ಉಳಿದಿರುವುದು ಇವೆರಡರಿಂದಲೇ ಅಂದರೂ ತಪ್ಪಿಲ್ಲ. ಶ್ರೀಮಂತ ಮಾಲೀಕ ಎಷ್ಟೇ ಕೈಬಿಚ್ಚಿದರೂ ಮಿತಿ ದಾಟುವಂತಿಲ್ಲ.

ಆದರೂ ಲೆಕ್ಕದಲ್ಲಿ ಒಂದು ಚಮತ್ಕಾರವಿದೆ. ಒಬ್ಬ ಆಟಗಾರನಿಗೆ ನಾಲ್ಕು ವರ್ಷದ ಒಪ್ಪಂದ ಕೊಟ್ಟು, ಸಹಿ ಹಾಕುವಾಗಲೇ 2 ಕೋಟಿ ಡಾಲರ್ ಬೋನಸ್ ಕೊಟ್ಟಿರಿ ಅಂದುಕೊಳ್ಳಿ. ದುಡ್ಡು ಇವತ್ತೇ ಅವನ ಕೈಸೇರಿತು. ಆದರೆ ಕ್ಯಾಪ್ ಲೆಕ್ಕದಲ್ಲಿ ವರ್ಷಕ್ಕೆ 50 ಲಕ್ಷದಂತೆ ನಾಲ್ಕು ವರ್ಷಕ್ಕೆ ಹಂಚಿಹೋಗುತ್ತದೆ. ಎರಡು ವರ್ಷಕ್ಕೇ ಅವನು ಬೇಡ ಅನ್ನಿಸಿತು, ಕೈಬಿಟ್ಟಿರಿ. ಉಳಿದ 1 ಕೋಟಿ ನಿಮ್ಮ ಲೆಕ್ಕದಲ್ಲೇ ಇರುತ್ತದೆ. ಅದಕ್ಕೆ ಡೆಡ್ ಮನಿ ಅನ್ನುತ್ತಾರೆ. ಮೈದಾನದಲ್ಲಿ ಇಲ್ಲದವನು ಪುಸ್ತಕದಲ್ಲಿ ಇರುತ್ತಾನೆ. ಫ್ರೀ ಏಜೆಂಟ್‌ಗಳ ಸಂತೆ ತೆರೆಯುವ ಮಾರ್ಚ್‌ನಲ್ಲಿ ಆಸೆಪಟ್ಟು ಕೊಂಡವರು ಎರಡು ಮೂರು ವರ್ಷ ಬಿಟ್ಟು ಪೇಚಾಡುವುದು ಇದರಿಂದಲೇ.

2005ರಲ್ಲಿ ಜನರಲ್ ಮ್ಯಾನೇಜರ್ ಆದ ಟೆಡ್ ಥಾಂಪ್ಸನ್ ಇದನ್ನು ಚೆನ್ನಾಗಿ ಅರಿತಿದ್ದವರು. ಮಾರ್ಚ್ ಬಂತೆಂದರೆ ಬೇರೆ ತಂಡಗಳು ಮುಗಿಬೀಳುತ್ತಿದ್ದವು, ಅವರು ಸುಮ್ನೆ ಇರುತ್ತಿದ್ದರು. ಅವರಿಗೆ ಇನ್ನೊಂದು ಲಾಭವೂ ಕಾಣುತ್ತಿತ್ತು. ತಂಡ ಕೊಂಡದ್ದಕ್ಕಿಂತ ಕಳೆದುಕೊಂಡ ಫ್ರೀ ಏಜೆಂಟ್‌ಗಳು ಜಾಸ್ತಿಯಾದರೆ ಲೀಗ್ ಪರಿಹಾರವಾಗಿ ಡ್ರಾಫ್ಟ್ ಆಯ್ಕೆ ಕೊಡುತ್ತದೆ. ಸುಮ್ಮನಿದ್ದವರಿಗೂ ಫಲ.

ಹಾಗಂತ ಅವರು ಕೊಳ್ಳಲೇ ಇಲ್ಲವೇ? ಕೊಂಡರು, ಆದರೆ ಅಳೆದು ತೂಗಿ. 2006ರಲ್ಲಿ ಚಾರ್ಲ್ಸ್ ವುಡ್‌ಸನ್ ಮಾರುಕಟ್ಟೆಗೆ ಬಂದಾಗ ಬೇರೆ ಯಾರೂ ಅಷ್ಟಾಗಿ ಆಸಕ್ತಿ ತೋರಲಿಲ್ಲ. ವಯಸ್ಸು ಮೂವತ್ತರ ಹತ್ತಿರ, ಗಾಯಗಳ ಇತಿಹಾಸ ಬೇರೆ. ಥಾಂಪ್ಸನ್ ಕರೆತಂದರು. ಅದೇ ವುಡ್‌ಸನ್ 2009ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರ. ಅದೇ 2006ರಲ್ಲಿ ಸೇಂಟ್ ಲೂಯಿಸ್ ತಂಡದಿಂದ ರಯಾನ್ ಪಿಕೆಟ್ ಬಂದರು. ಭಾರೀ ಮೈಕಟ್ಟಿನವರು, ಸುದ್ದಿಯಲ್ಲಿ ಕಾಣದವರು.

ಈಗ 2011ರ ಫೆಬ್ರವರಿ 6ಕ್ಕೆ ಬನ್ನಿ. ಸೂಪರ್ ಬೌಲ್, ಎದುರಿಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್. ವುಡ್‌ಸನ್ ಕಾಲರ್‌ಬೋನ್ ಮುರಿದುಕೊಂಡು ಹೊರಗೆ. 21-3ರ ಮುನ್ನಡೆ ಕರಗಿ 21-17 ಆಗಿದೆ. ನಾಲ್ಕನೇ ಕ್ವಾರ್ಟರ್‌ನ ಮೊದಲ ಆಟ. ಚೆಂಡು ಸ್ಟೀಲರ್ಸ್‌ನ ರಷಾರ್ಡ್ ಮೆಂಡೆನ್‌ಹಾಲ್ ಕೈಯಲ್ಲಿ. ಒಂದು ಕಡೆಯಿಂದ ಕ್ಲೇ ಮ್ಯಾಥ್ಯೂಸ್, ಇನ್ನೊಂದು ಕಡೆಯಿಂದ ಪಿಕೆಟ್ ಒಟ್ಟಿಗೆ ಅಪ್ಪಳಿಸಿದರು. ಚೆಂಡು ಕೈಜಾರಿತು. ಡೆಸ್ಮಂಡ್ ಬಿಷಪ್ ಅದನ್ನು ಬಾಚಿಕೊಂಡರು. ಮ್ಯಾಥ್ಯೂಸ್ ಡ್ರಾಫ್ಟ್‌ನ ಮೊದಲ ಸುತ್ತಿನವರು, ಬಿಷಪ್ ಆರನೇ ಸುತ್ತಿನವರು, ಪಿಕೆಟ್ ಕೊಂಡು ತಂದವರು. ತಂಡ ಕಟ್ಟುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ಒಂದು ಆಟವನ್ನೇ ತೋರಿಸುತ್ತೇನೆ. ಗ್ರೀನ್ ಬೇ 31-25ರಿಂದ ಗೆದ್ದಿತು.

ಆಮೇಲಿನ ವರ್ಷಗಳು ನೆನೆದರೆ ಈಗಲೂ ಸಂಕಟವಾಗುತ್ತದೆ. ಆರನ್ ರಾಜರ್ಸ್‌ರಂಥ ಕ್ವಾರ್ಟರ್‌ಬ್ಯಾಕ್ ಇದ್ದೂ ತಂಡ ಮತ್ತೆ ಸೂಪರ್ ಬೌಲ್ ಕಾಣಲಿಲ್ಲ. ಥಾಂಪ್ಸನ್ ಕೊಳ್ಳಲಿಲ್ಲ, ಅದಕ್ಕೇ ಸೋತರು ಅಂತ ಬಹಳ ಜನ ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಸಮಸ್ಯೆ ಇದ್ದದ್ದು ತಮ್ಮವರ ಬೆಲೆ ತಿಳಿಯುವುದರಲ್ಲಿ. ಕೇಸಿ ಹೇವರ್ಡ್ ಗ್ರೀನ್ ಬೇಯೇ ಡ್ರಾಫ್ಟ್ ಮಾಡಿ ಬೆಳೆಸಿದ ಕಾರ್ನರ್‌ಬ್ಯಾಕ್, ಅಂದರೆ ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ಕಾಯುವವರು. 2016ರಲ್ಲಿ ಬಿಟ್ಟುಬಿಟ್ಟರು. ಅವರು ಚಾರ್ಜರ್ಸ್ ತಂಡ ಸೇರಿ, ಅದೇ ವರ್ಷ ಏಳು ಇಂಟರ್‌ಸೆಪ್ಶನ್ ಮಾಡಿ, ಅಂದರೆ ಎದುರಾಳಿ ಎಸೆದ ಚೆಂಡನ್ನು ಏಳು ಸಲ ತಾವೇ ಹಿಡಿದು, ಲೀಗ್‌ಗೇ ಮೊದಲಿಗರಾದರು. ಇತ್ತ ಗ್ರೀನ್ ಬೇಯಲ್ಲಿ ಸ್ಯಾಮ್ ಶೀಲ್ಡ್ಸ್ ಮೊದಲ ಪಂದ್ಯದಲ್ಲೇ ತಲೆಗೆ ಪೆಟ್ಟು ತಿಂದು ಕೂತರು. ಕಾರ್ನರ್‌ಬ್ಯಾಕ್‌ಗಳಿಗೇ ಬರ. 2017ರ ಜನವರಿಯಲ್ಲಿ, ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ, ಅಟ್ಲಾಂಟಾದ ಜೂಲಿಯೊ ಜೋನ್ಸ್ ಒಬ್ಬರೇ 180 ಗಜ ಗಳಿಸಿದರು. ಸೋಲು 44-21. ಆ ಮಾರ್ಚ್‌ನಲ್ಲಿ ಮೈಕಾ ಹೈಡ್ ಅವರನ್ನೂ ಬಿಟ್ಟರು. ಬಫಲೊ ತಂಡ ಸೇರಿದ ಮೊದಲ ವರ್ಷವೇ ಅವರು ಪ್ರೊ ಬೌಲ್‌ಗೆ, ಅಂದರೆ ಲೀಗ್‌ನ ಶ್ರೇಷ್ಠರ ಸಾಲಿಗೆ ಆಯ್ಕೆಯಾದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಅನ್ನುತ್ತಾರಲ್ಲ, ಅದೇ ಆಯಿತು.

2018ರಲ್ಲಿ ಬ್ರಯನ್ ಗುಟೆಕುನ್ಸ್ಟ್ ಜನರಲ್ ಮ್ಯಾನೇಜರ್ ಆಗಿ ಬಂದರು. 2019ರ ಮಾರ್ಚ್‌ನಲ್ಲಿ ಒಮ್ಮೆಗೇ ನಾಲ್ವರನ್ನು ತಂದರು: ಜಡೇರಿಯಸ್ ಸ್ಮಿತ್, ಪ್ರೆಸ್ಟನ್ ಸ್ಮಿತ್, ಏಡ್ರಿಯನ್ ಏಮಸ್, ಬಿಲ್ಲಿ ಟರ್ನರ್. ಗ್ರೀನ್ ಬೇ ಅಭಿಮಾನಿಗಳು ಅಂಥದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಹಿಂದಿನ ವರ್ಷ ಆರು ಪಂದ್ಯ ಗೆದ್ದಿದ್ದ ತಂಡ ಹದಿಮೂರು ಗೆದ್ದಿತು. ಇಬ್ಬರು ಸ್ಮಿತ್‌ಗಳೇ ಸೇರಿ 25.5 ಸ್ಯಾಕ್. ಸತತ ಮೂರು ವರ್ಷ ಹದಿಮೂರು ಗೆಲುವು. ಸೂಪರ್ ಬೌಲ್ ಮಾತ್ರ ಸಿಗಲಿಲ್ಲ. ಬೋನಸ್ ಹಂಚಿ ಮುಂದಿನ ವರ್ಷಗಳಿಗೆ ತಳ್ಳಿದ ಸಾಲ ತೀರಿಸುವ ಸರದಿ ಆಮೇಲೆ ಬಂತು. ರಾಜರ್ಸ್ 2023ರಲ್ಲಿ ನ್ಯೂಯಾರ್ಕ್‌ಗೆ ಹೋದಾಗ, ಅವರ ಹೆಸರಿನಲ್ಲಿ 4 ಕೋಟಿ ಡಾಲರ್‌ಗೂ ಹೆಚ್ಚು ಡೆಡ್ ಮನಿ ಗ್ರೀನ್ ಬೇ ಲೆಕ್ಕದಲ್ಲಿ ಉಳಿಯಿತು.

ದುಡ್ಡಿಲ್ಲ, ಸರಿ. ಆಗ ಕೈಹಿಡಿದವರು ಮನೆಯ ಹುಡುಗರೇ. ಮೂರು ವರ್ಷ ಬೆಂಚಿನಲ್ಲಿ ಕೂತು ಕಲಿತ ಜೋರ್ಡನ್ ಲವ್, ಅವರಿಗೆ ರೋಮಿಯೊ ಡಬ್ಸ್, ಜೇಡನ್ ರೀಡ್‌ರಂಥ ಎಳೆಯ ಜೊತೆಗಾರರು. ಲೀಗ್‌ನಲ್ಲೇ ಅತಿ ಕಿರಿಯ ತಂಡ ಅದು. ಪ್ಲೇಆಫ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರದೇ ಮೈದಾನದಲ್ಲಿ 48-32ರಿಂದ ಸೋಲಿಸಿತು. ನಂತರ 2024ರ ಮಾರ್ಚ್‌ನಲ್ಲಿ ಬೇಕಾದ ಎರಡು ಜಾಗಕ್ಕೆ ಮಾತ್ರ ದೊಡ್ಡ ಖರೀದಿ: ಓಟಕ್ಕೆ ಜಾಶ್ ಜೇಕಬ್ಸ್, ಹಿಂಬದಿ ಕಾವಲಿಗೆ ಜೇವಿಯರ್ ಮೆಕಿನಿ. ಜೇಕಬ್ಸ್ 1,329 ಗಜ ಓಡಿದರು, ಮೆಕಿನಿ ಎಂಟು ಇಂಟರ್‌ಸೆಪ್ಶನ್ ಮಾಡಿದರು. ಜೇಕಬ್ಸ್ ಬಂದಾಗ ಊರಿಗೇ ಅಚ್ಚುಮೆಚ್ಚಿನವರಾಗಿದ್ದ ಆರನ್ ಜೋನ್ಸ್ ಅವರನ್ನು ಕೈಬಿಟ್ಟರು. ಅವರು ಬದ್ಧ ಎದುರಾಳಿ ಮಿನೆಸೋಟಾ ಸೇರಿದರು. ಆಟದ ಲೆಕ್ಕದಲ್ಲಿ ಅದು ಸರಿ ಇರಬಹುದು. ಏಳು ವರ್ಷ ಆ ತಂಡಕ್ಕಾಗಿ ಮೈ ಮುರಿದುಕೊಂಡವರನ್ನು ಹಾಗೆ ಕಳಿಸಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಕೊನೆಗೆ 2025ರ ಆಗಸ್ಟ್. ಡಲ್ಲಾಸ್‌ನಿಂದ ಸ್ಯಾಕ್‌ಗಳಿಗೆ ಹೆಸರಾದ ಮೈಕಾ ಪಾರ್ಸನ್ಸ್ ಬಂದರು. ಇದು ಫ್ರೀ ಏಜೆನ್ಸಿ ಅಲ್ಲ, ವಿನಿಮಯ. ನಾಲ್ಕು ವರ್ಷಕ್ಕೆ 18 ಕೋಟಿ 80 ಲಕ್ಷ ಡಾಲರ್ ಒಪ್ಪಂದ. ಅದರ ಮೇಲೆ 2026 ಮತ್ತು 2027ರ ಮೊದಲ ಸುತ್ತಿನ ಎರಡೂ ಆಯ್ಕೆ, ಜೊತೆಗೆ ಸುಮಾರು ಒಂದು ದಶಕ ಗ್ರೀನ್ ಬೇಯಲ್ಲೇ ಆಡಿದ ಕೆನ್ನಿ ಕ್ಲಾರ್ಕ್ ಡಲ್ಲಾಸ್ ಪಾಲಾದರು. ಪಾರ್ಸನ್ಸ್‌ರಂಥ ಆಟಗಾರ ಇಪ್ಪತ್ತಾರರ ವಯಸ್ಸಿನಲ್ಲಿ ಸಿಗುವುದೇ ಅಪರೂಪ, ಹಾಗಾಗಿ ನಾನು ಇದರ ಪರ. ಆದರೆ ಆ ಎರಡು ವರ್ಷದ ಡ್ರಾಫ್ಟ್‌ಗಳಲ್ಲಿ ಫ್ರೀಮನ್, ಲೆವೆನ್ಸ್, ಬಿಷಪ್‌ರಂಥವರನ್ನು ಎರಡನೇ ಸುತ್ತಿನಿಂದ ಕೆಳಗೇ ಹುಡುಕಬೇಕು. ಗ್ರೀನ್ ಬೇಯ ಡ್ರಾಫ್ಟ್ ತಜ್ಞರಿಗೆ ಆ ಕೆಲಸ ಹೊಸದೇನಲ್ಲ.

ನಮಸ್ಕಾರ.