ಒಂದಕ್ಕೆ ಗಾಳಿ, ಇನ್ನೊಂದಕ್ಕೆ ನೀರು

ಕೇಳುಗರೇ, ನಮಸ್ಕಾರ.

ದುಂಬಿ ಅಂದ ಕೂಡಲೇ ಹೂವಿನ ಸುತ್ತ ಗುಂಯ್‌ಗುಡುವ ಕಪ್ಪು ಹುಳ ನೆನಪಾಗುತ್ತದೆ, ಅಲ್ವಾ? ಇವತ್ತು ಅದರ ಮಾತಲ್ಲ. ಮುಂದಿನ ರೆಕ್ಕೆಯೇ ಗಟ್ಟಿ ಚಿಪ್ಪಾಗಿರುವ ದುಂಬಿಗಳ ಮಾತು. ಒಂದು ನಮ್ಮ ಕೆರೆಯದು, ಇನ್ನೊಂದು ಆಫ್ರಿಕಾದ ನಮೀಬ್ ಮರುಭೂಮಿಯದು.

ಕೆರೆ ದಡದಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂತು ನೋಡಿ. ಹುಣಸೆಬೀಜದ ಹಾಗೆ ನುಣುಪಾದ ಹುಳವೊಂದು ತಳದಿಂದ ಮೇಲೆ ಬಂದು, ಹಿಂಭಾಗವನ್ನು ಮಾತ್ರ ನೀರಿನಾಚೆ ಚಾಚಿ, ಮತ್ತೆ ಮುಳುಗುತ್ತದೆ. ಅದು ಸಿಬಿಸ್ಟರ್. ಚಿಪ್ಪಿನ ಕೆಳಗಿನ ಸಂದಿಗೆ ಗಾಳಿ ತುಂಬಿಕೊಂಡು ಹೋಗುತ್ತಿದೆ. ಅದರ ಉಸಿರಿನ ರಂಧ್ರಗಳು ತೆರೆದುಕೊಳ್ಳುವುದು ಆ ಸಂದಿಗೇ. ನೋಡಲು ಸಾಧು, ಆದರೆ ಗೊದಮೊಟ್ಟೆ, ಸಣ್ಣ ಮೀನುಗಳನ್ನೂ ಬಿಡುವುದಿಲ್ಲ. ಮರಿಹುಳು ಇನ್ನೂ ಜೋರು. ಕುಡುಗೋಲಿನಂಥ ದವಡೆ ಚುಚ್ಚಿ, ಬೇಟೆಯ ಒಳಗನ್ನೇ ಕರಗಿಸಿ ಹೀರುತ್ತದೆ.

ನಮೀಬ್‌ನ ದುಂಬಿಯ ಹೆಸರು ಒನಿಮ್ಯಾಕ್ರಿಸ್ ಉಂಗ್ವಿಕ್ಯುಲಾರಿಸ್. ಹುಳಕ್ಕಿಂತ ಹೆಸರೇ ಭಾರ! ಅಲ್ಲಿ ಮಳೆ ತೀರಾ ಕಡಿಮೆ. ಆದರೆ ಅಟ್ಲಾಂಟಿಕ್ ಕಡಲ ತಣ್ಣನೆಯ ಪ್ರವಾಹದಿಂದಾಗಿ ರಾತ್ರಿ ಮಂಜು ನುಗ್ಗುತ್ತದೆ. ಹಗಲಲ್ಲಿ ಓಡಾಡುವ ಈ ದುಂಬಿ ಮಂಜು ಬಂದ ದಿನ ಮಾತ್ರ ಚಳಿಯಲ್ಲೇ ಮರಳುದಿಬ್ಬದ ನೆತ್ತಿ ಹತ್ತಿ, ಗಾಳಿಗೆ ಎದುರಾಗಿ ತಲೆ ತಗ್ಗಿಸಿ ನಿಲ್ಲುತ್ತದೆ. ಮೈಮೇಲೆ ಕೂತ ಹನಿ ಜಾರಿ ಬಾಯಿಗೆ ಬರುತ್ತದೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಸೀಲಿ ಎಂಬ ವಿಜ್ಞಾನಿಗಳು ಇದನ್ನು ತೂಗಿ ನೋಡಿ ಬರೆದರು. ಸರಾಸರಿ ಶೇಕಡ 12ರಷ್ಟು ತೂಕ ಏರಿತ್ತು. 50 ಕೆ.ಜಿ.ಯವರು ಒಂದೇ ಸಲಕ್ಕೆ 6 ಲೀಟರ್ ಕುಡಿದಂತೆ!

ಬೆನ್ನ ಮೇಲಿನ ಗುಬುಟುಗಳೇ ನೀರು ಹಿಡಿಯುತ್ತವೆ ಅಂತ ನೀವು ಓದಿರಬಹುದು. ಆ ಗುಬುಟು ಬೇರೆ ದುಂಬಿಯದು. ಹೀಗೆ ಮಂಜಿಗೆ ನಿಲ್ಲುವ ಇದರ ಬೆನ್ನ ಮೇಲೆ ಗುಬುಟಿಲ್ಲ.

ನನಗೆ ಜಾಸ್ತಿ ಖುಷಿ ಕೊಡುವುದು ಚಿಪ್ಪಿನ ಕೆಳಗಿನ ಆ ಸಂದಿ. ಕೆರೆಯದಕ್ಕೆ ಅದು ಗಾಳಿಯ ಬುತ್ತಿ. ಮರಳಿನದರಲ್ಲಿ ಎರಡು ಚಿಪ್ಪುಗಳೂ ಬೆಸೆದುಕೊಂಡಿವೆ, ಹಾರುವ ಮಾತೇ ಇಲ್ಲ. ಉಸಿರಿನ ಜೊತೆ ಹೋಗುವ ತೇವವನ್ನು ಆ ಮುಚ್ಚಿದ ಸಂದಿಯೇ ತಡೆಹಿಡಿಯುತ್ತದೆ.

ನಮ್ಮದು ಹಾಗಲ್ಲ, ಕೆರೆ ಬತ್ತಿದರೆ ರಾತ್ರಿ ಹಾರಿ ಬೇರೆ ನೀರು ಹುಡುಕುತ್ತದೆ. ದಾರಿ ತಪ್ಪಿ ಬೀದಿದೀಪದಡಿ ಟಪ್ಪೆಂದು ಬೀಳುವುದೂ ಉಂಟು. ಸಿಕ್ಕರೆ ಹಿಂಗಾಲು ನೋಡಿ. ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಅಂಚಿಗೆ ಕೂದಲಿನ ಕುಚ್ಚು. ಕಚ್ಚೀತು, ಹುಷಾರು. ನೋಡಿಯಾದ ಮೇಲೆ ಹತ್ತಿರದ ಕೆರೆಗೆ ಬಿಟ್ಟುಬಿಡಿ.

ನಮಸ್ಕಾರ.