ಸೋರಿದ್ದು ಎಣ್ಣೆ, ಸಿಕ್ಕಿದ್ದು ರಜೆ

ಕೇಳುಗರೇ, ನಮಸ್ಕಾರ. ಪೀಣ್ಯದಲ್ಲಿ ಎರಡನೇ ಪಾಳಿ ಮುಗಿಸಿ, ಊಟದ ಡಬ್ಬಿ ತೊಳೆಯುತ್ತ ರೇಡಿಯೊ ಹಾಕಿಕೊಂಡಿರುವವರಿಗೆ ಈ ಮಾತು. ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ಕಾಯಿಸಬೇಡಿ, ಇಷ್ಟೇ. ಕನ್ನಡದಲ್ಲಿ ಅದು ಎಲೆಯ ಮೇಲಿನ ಮೊಸರನ್ನದ ಹಾಗೆ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಎರಡನೇ ಜಾಗವೇ ಆಗಬೇಕು: ಯಾರು, ಏನು ಮಾಡಿದರು. ಉಳಿದದ್ದೆಲ್ಲ ಆಮೇಲೆ.

ನನ್ನ ಸಂಜೆ ತರಗತಿಗೆ ಐಟಿಐ ಮುಗಿಸಿದ ಹುಡುಗನೊಬ್ಬ ಬರುತ್ತಿದ್ದ. ಒಂದು ದಿನ ಅವನ ಕಾರ್ಖಾನೆಯಲ್ಲಿ ಲೋಹ ಕಡೆಯುವ ಯಂತ್ರವಾದ ಲೇತ್‌ನಿಂದ ಎಣ್ಣೆ ಸೋರಿತು. ಮೇಲ್ವಿಚಾರಕರಿಗೆ ಕನ್ನಡ ಬಾರದು, ಇಂಗ್ಲಿಷಿನಲ್ಲಿ ಬರೆದು ತಿಳಿಸಬೇಕು. ಅವನಿಗೆ ಗೊತ್ತಿದ್ದದ್ದು ಒಂದೇ ಪತ್ರ, ಶಾಲೆಯಲ್ಲಿ ಬಾಯಿಪಾಠ ಮಾಡಿದ ರಜೆ ಅರ್ಜಿ. 'ಆಸ್ ಐ ಆಮ್ ಸಫರಿಂಗ್ ಫ್ರಮ್' ಎಂದು ಆರಂಭಿಸಿ, ಜ್ವರ ಇರಬೇಕಾದ ಜಾಗದಲ್ಲಿ ಲೇತನ್ನೂ ಎಣ್ಣೆಯನ್ನೂ ಕೂರಿಸಿ, ಕೊನೆಗೆ 'ಯುವರ್ಸ್ ಒಬೀಡಿಯೆಂಟ್ಲಿ' ಎಂದು ಮುಗಿಸಿದ. ಹನ್ನೊಂದು ಸಾಲು. ಮೇಲ್ವಿಚಾರಕರು ಮೊದಲ ನಾಲ್ಕು ಪದ ಓದಿದರು, ಎರಡು ದಿನ ರಜೆ ಮಂಜೂರು ಮಾಡಿದರು. ಬೇಗ ಗುಣವಾಗಿ ಬಾ ಎಂದು ಬೇರೆ ಬರೆದಿದ್ದರು! ಎಣ್ಣೆ ಸೋರುತ್ತಲೇ ಇತ್ತು. ರಾತ್ರಿ ಪಾಳಿಯವನೊಬ್ಬ ಜಾರಿ ಬಿದ್ದು ಮೊಣಕೈ ಊದಿಸಿಕೊಂಡ.

ನಗಬೇಡಿ. ಆ ಪತ್ರದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಪರೀಕ್ಷೆಯಲ್ಲಾದರೆ ಅಂಕ ಬರುತ್ತಿತ್ತು. ಅಂಥ ಅರ್ಜಿಯನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವರಲ್ಲಿ ನಾನೂ ಒಬ್ಬಳು.

ಮರುದಿನ ಕಪ್ಪು ಹಲಗೆಯ ಮೇಲೆ ಕನ್ನಡದಲ್ಲೇ ಬರೆಸಿದೆ: 'ನಿನ್ನೆ ಆರು ಗಂಟೆಗೆ ಮೂರನೇ ಲೇತ್‌ನಿಂದ ಎಣ್ಣೆ ಸೋರಿತು.' ಈಗ ಬಾಲದಿಂದ ತಲೆಯ ಕಡೆಗೆ ಬಾ ಎಂದೆ. 'ಆಯಿಲ್ ಲೀಕ್ಡ್.' ಎರಡೇ ಪದ, ಸುದ್ದಿ ಮುಟ್ಟಿತು. ಆಮೇಲೆ ಲೇತ್, ಆಮೇಲೆ ಗಂಟೆ, ಕೊನೆಗೆ ನಿನ್ನೆ. ನಮ್ಮ 'ಇಂದ' ಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ, ಅವರ 'ಫ್ರಮ್' ಪದದ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿಯೂ ಅದೇ ತಿರುವುಮುರುವು. ಇನ್ನು 'ಡೂ ದ ನೀಡ್‌ಫುಲ್', ಅಂದರೆ ಬೇಕಾದ್ದು ಮಾಡಿ, ಎಂದು ಮಾತ್ರ ಬರೆಯಬೇಡಿ. ಏನು ಮಾಡಬೇಕು ಎಂದು ಓದುವವರು ಕಣಿ ಕೇಳಬೇಕೇ? ಎಣ್ಣೆ ತಡೆಯುವ ಸೀಲ್ ಬದಲಿಸಿ ಎಂದು ನೇರವಾಗಿ ಹೇಳಿ. ಕ್ರಿಯಾಪದ!

'ಎ' ಮತ್ತು 'ದ' ಎಲ್ಲಿ ಹಾಕಬೇಕೆಂದೂ ಹೇಳಬೇಕಿತ್ತು, ಆದರೆ ಸಮಯ ಮುಗಿಯಿತೆಂದು ಸ್ಟುಡಿಯೊ ಗಾಜಿನಾಚೆ ಬೆರಳು ತೋರಿಸುತ್ತಿದ್ದಾರೆ. ಇರಲಿ, ಅವು ತಪ್ಪಿದರೆ ಯಾರೂ ಜಾರಿ ಬೀಳುವುದಿಲ್ಲ. ಕೆಲಸದ ಸಂದರ್ಶನದಲ್ಲೂ ಅಷ್ಟೇ, ನಿಮ್ಮ ಬಗ್ಗೆ ಹೇಳಿ ಎಂದಾಗ ಹುಟ್ಟಿದ ಊರಿನಿಂದ ಹೊರಡಬೇಡಿ, ಮಾಡುವ ಕೆಲಸದಿಂದ ಹೊರಡಿ.

ಮೊನ್ನೆ ಆ ಹುಡುಗ ತರಗತಿಗೆ ತಡವಾಗುತ್ತದೆಂದು ಮೊಬೈಲಿಗೆ ಸಂದೇಶ ಕಳುಹಿಸಿದ್ದ: 'ಬಸ್ ಬ್ರೋಕ್ ಡೌನ್ ನಿಯರ್ ಗೊರಗುಂಟೆಪಾಳ್ಯ.' ಬಂದವನಿಗೆ ಬೈಯಲು ಮನಸ್ಸೇ ಬರಲಿಲ್ಲ. ನಮಸ್ಕಾರ.