ಅವಳಿಗೆ ಗೊತ್ತು, ಕೇಳಿ ಹೇಳ್ತೀನಿ

ಎಲ್ರಿಗೂ ನಮಸ್ಕಾರ. ನಾನು ಮಕ್ಕಳ ಡಾಕ್ಟ್ರು, ಅಳೋ ಮಕ್ಕಳನ್ನೂ ಅವಕ್ಕಿಂತ ಜಾಸ್ತಿ ಗಾಬರಿಯಾಗಿರೋ ಅಪ್ಪ ಅಮ್ಮಂದಿರನ್ನೂ ದಿನಾ ನೋಡೋಳು. ಮಕ್ಕಳನ್ನ ಸಾಕೋಕೆ ಆನ್‌ಲೈನಲ್ಲಿ ಏನೇನು ಅನುಕೂಲ ಇದೆ ಹೇಳಿ ಅಂತ ರೇಡಿಯೋದವರು ಕರೆದಿದ್ದಾರೆ. ಆಪ್‌ಗಳಿಗೇನು ಬರ ಇಲ್ಲ ಬಿಡಿ, ಮಗು ಎಷ್ಟು ಸಲ ಉಚ್ಚೆ ಮಾಡ್ತು ಅಂತ ಬರೆದಿಡೋಕೂ ಒಂದು ಆಪ್ ಇದೆ. ಅದ್ಯಾವುದೂ ಬೇಡ. ನಾನು ಹೇಳೋದು ಒಂದೇ ಮಾತು, ಮಗುವಿನ ವಿಷಯ ಏನೇ ಇರ್ಲಿ, ಅದು ಇಬ್ಬರ ಫೋನಲ್ಲೂ ಇರ್ಬೇಕು. ಅಮ್ಮನ ಫೋನಲ್ಲಿ ಮಾತ್ರ ಅಲ್ಲ, ಇಬ್ಬರ ಫೋನಲ್ಲೂ.

ಯಾಕೆ ಹೇಳ್ತೀನಿ ಕೇಳಿ. ಒಂದಿನ ಒಬ್ರು ಅಪ್ಪ, ಪಾಪ ಒಳ್ಳೆ ಮನುಷ್ಯ, ರಜ ಹಾಕಿ ಮಗೂನ ಎತ್ಕೊಂಡು ಬಂದ್ರು, ಕೆಮ್ಮು ನೆಗಡಿ ಅಂತ. ಮಗುಗೆ ಹನ್ನೊಂದು ತಿಂಗಳು ಹತ್ರ. ಒಂಬತ್ತು ತಿಂಗಳ ಇಂಜೆಕ್ಷನ್ ಆಗಿದ್ಯಾ ಅಂತ ಕೇಳ್ದೆ, ಅದೇ ದಡಾರ ರುಬೆಲ್ಲಾದ್ದು. "ಅವಳಿಗೆ ಗೊತ್ತು ಮೇಡಂ, ಕೇಳಿ ಹೇಳ್ತೀನಿ" ಅಂದ್ರು. ಅವಳು ಗಾರ್ಮೆಂಟ್ಸಲ್ಲಿ, ಕೆಲಸದ ಹೊತ್ತಲ್ಲಿ ಫೋನ್ ಹತ್ರ ಇಟ್ಕೊಳ್ಳೋ ಹಾಗಿಲ್ಲ. ಲಸಿಕೆ ತಾರೀಖು ಬರೆಯೋ ತಾಯಿ ಕಾರ್ಡ್ ಎಲ್ಲಿ ಅಂದ್ರೆ ಹಿರಿಯೂರಿನ ಹತ್ರ ಅವಳ ತವರುಮನೇಲಿ, ಬೀರುವಿನಲ್ಲಿ, ರೇಷ್ಮೆ ಸೀರೆ ಕೆಳಗೆ. ಅಲ್ಲಿಗೆ ಫೋನ್ ಮಾಡಿದ್ರು. ಅಜ್ಜಿಗೆ ಓದೋಕೆ ಬರಲ್ಲ, ಪಕ್ಕದ್ಮನೆ ಹುಡುಗನ್ನ ಕರೆದ್ರು, ಅವನು ಸ್ಕೂಲಿಂದ ಬರೋ ತನಕ ಕಾಯ್ಬೇಕು, ಇಲ್ಲಿ ಹೊರಗಡೆ ನನ್ನ ಕ್ಯೂ ಬಾಗಿಲು ದಾಟಿ ಹೋಗಿದೆ. ಅಂತೂ ವಾಟ್ಸಾಪಲ್ಲಿ ಫೋಟೋ ಬಂತು ನೋಡಿ, ಕಾರ್ಡ್ ಪೂರ್ತಿ ಚೆನ್ನಾಗಿ ಬಂದಿದೆ, ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ ಎಲ್ಲಾ ತಾರೀಖು ಕಾಣ್ತಿದೆ, ಒಂಬತ್ತು ತಿಂಗಳ ಸಾಲಿನ ಮೇಲೆ ಮಾತ್ರ ಆ ಹುಡುಗನ ಹೆಬ್ಬೆರಳು! ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಎರಡನೇ ಫೋಟೋ ಬಂತು. ಆ ಸಾಲು ಖಾಲಿ. ತವರಲ್ಲಿ ಹಾಕ್ಸಿರ್ತಾರೆ ಅಂತ ಇವರು, ಗಂಡನ ಮನೇಲಿ ಹಾಕ್ಸಿರ್ತಾರೆ ಅಂತ ಅವರು. ಹೆಚ್ಚುಕಮ್ಮಿ ಎರಡು ತಿಂಗಳು ಹಾಗೇ ಹೋಗಿದೆ. ಜ್ವರ ಏನೂ ಇರ್ಲಿಲ್ಲ, ಅವತ್ತೇ ಹಾಕಿ ಕಳಿಸ್ದೆ. ಸಣ್ಣ ನೆಗಡಿಗೆಲ್ಲ ಲಸಿಕೆ ಮುಂದಕ್ಕೆ ಹಾಕೋದು ಬೇಕಾಗಿಲ್ಲ.

ಆಮೇಲೆ ಅವರ ಫೋನ್ ಈಸ್ಕೊಂಡು ಗೂಗಲ್ ಕ್ಯಾಲೆಂಡರ್ ತೆಗೆದೆ. ಅದು ಎಷ್ಟೋ ಆಂಡ್ರಾಯ್ಡ್ ಫೋನಲ್ಲಿ ಮೊದಲೇ ಇರುತ್ತೆ, ದುಡ್ಡಿಲ್ಲ ಕಾಸಿಲ್ಲ. ಮುಂದಿನ ಇಂಜೆಕ್ಷನ್ 16 ರಿಂದ 24 ತಿಂಗಳ ಒಳಗೆ, ದಡಾರದ ಎರಡನೇ ಡೋಸು, ಡಿಪಿಟಿ ಬೂಸ್ಟರು, ಅಂದ್ರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಬರದ ಹಾಗೆ ಇನ್ನೊಂದು ಸಲ ಹಾಕೋ ಡೋಸು, ಅದಕ್ಕೊಂದು ತಾರೀಖು ಹಾಕ್ದೆ. ಆಮೇಲೆ 5 ರಿಂದ 6 ವರ್ಷದ ಬೂಸ್ಟರು, ಇದನ್ನ ಮರೆಯೋರೇ ಜಾಸ್ತಿ. ನಮ್ಮನೇಲೂ ಮರೆತಿದ್ವಿ ಅನ್ನಿ, ಹೇಳೋದು ಆಚಾರ ತಿನ್ನೋದು ಬದನೇಕಾಯಿ. ತಾರೀಖು ಹಾಕುವಾಗ ಕೆಳಗಡೆ ಬೇರೆಯವರನ್ನ ಸೇರ್ಸೋಕೆ ಜಾಗ ಇರುತ್ತೆ, ಅಲ್ಲಿ ಹೆಂಡ್ತಿ ಜಿಮೇಲ್ ಹಾಕಿದ್ರೆ ಅವಳ ಕ್ಯಾಲೆಂಡರಲ್ಲೂ ಬರುತ್ತೆ. ಎರಡು ದಿನ ಮುಂಚೆ ಇಬ್ಬರಿಗೂ ನೆನಪು ಮಾಡೋ ಹಾಗೆ ಇಡಿ, ಗಂಡಸ್ರೇ ನೀವು ನಿಮ್ಮ ಫೋನಲ್ಲೇ ಇಡಿ, ಹೆಂಡ್ತಿ ನೆನಪು ಮಾಡ್ತಾಳೆ ಅಂತ ಬಿಡ್ಬೇಡಿ, ಅವಳೇನು ನಿಮ್ಮ ಅಲಾರಾಂ ಅಲ್ಲ.

ಸ್ಕೂಲಿಂದೂ ಇದೇ ಕತೆ. ರಾತ್ರಿ ಹತ್ತೂವರೆಗೆ ವಾಟ್ಸಾಪ್ ಗ್ರೂಪಲ್ಲಿ "ನಾಳೆ ಹಳದಿ ಬಟ್ಟೆ" ಅನ್ನೋ ಮೆಸೇಜು, ಆ ಗ್ರೂಪಲ್ಲಿ ಅಮ್ಮ ಮಾತ್ರ. ಅಪ್ಪನ ನಂಬರೂ ಹಾಕ್ಸಿ, ಟೀಚರ್ ಬೇಡ ಅನ್ನಲ್ಲ.

ಗಾಜಿನ ಆಚೆಯಿಂದ ಎರಡು ನಿಮಿಷ ಅಂತ ಬೆರಳು ತೋರಿಸ್ತಿದ್ದಾರೆ, ಇನ್ನೂ ಸುಮಾರು ಬರ್ಕೊಂಡು ಬಂದಿದ್ದೆ. ಬೇಗ ಬೇಗ ಹೇಳಿಬಿಡ್ತೀನಿ. ಸರ್ಕಾರಿ ಪಠ್ಯಪುಸ್ತಕದಲ್ಲಿ ಕಪ್ಪು ಚೌಕದ ಕ್ಯೂಆರ್ ಕೋಡ್ ಇರುತ್ತಲ್ಲ, ದೀಕ್ಷಾ ಆಪಲ್ಲಿ ಸ್ಕ್ಯಾನ್ ಮಾಡಿದ್ರೆ ಪಾಠದ ವಿಡಿಯೋ ಸಿಗುತ್ತೆ, ಗಣಿತ ಹೇಳ್ಕೊಡೋಕೆ ಹೋಗಿ ಮಗೂಗೆ ಬೈಯೋದು ತಪ್ಪುತ್ತೆ. ಮಕ್ಕಳ ಫೋನಿಗೆ ಟೈಮ್ ಕಟ್ಟೋಕೆ ಗೂಗಲ್ ಫ್ಯಾಮಿಲಿ ಲಿಂಕ್ ಇದೆ, ಅದನ್ನೂ ಇಬ್ಬರೂ ಹಾಕ್ಕೊಳ್ಳಿ, ಇಲ್ದಿದ್ರೆ ಅಮ್ಮ ಲಾಕ್ ಮಾಡಿದ್ದು ಅಪ್ಪಂಗೆ ಗೊತ್ತಿರಲ್ಲ, ಅಪ್ಪನ ಫೋನ್ ಕೇಳ್ತವೆ, ಮಕ್ಕಳೇನು ದಡ್ಡರಲ್ಲ. ಜ್ವರ ಬಂದಾಗ ಯೂಟ್ಯೂಬ್ ನೋಡಿ ಔಷಧಿ ಕೊಡ್ಬೇಡಿ, ಇದರ ಬಗ್ಗೆನೇ ಇನ್ನೊಂದು ಸಲ ಬಂದು ಬೈತೀನಿ.

ಇವತ್ತು ರಾತ್ರಿ ಊಟ ಆದ್ಮೇಲೆ ತಾಯಿ ಕಾರ್ಡ್ ಹುಡುಕಿ ತೆಗೀರಿ. ಟ್ಯೂಬ್‌ಲೈಟ್ ಕೆಳಗಿಟ್ಟು ಎಲ್ಲಾ ಪುಟದ ಫೋಟೋ ತೆಗೆದು ಇಬ್ಬರ ಫೋನಲ್ಲೂ ಇಟ್ಕೊಳ್ಳಿ. ಹೆಬ್ಬೆರಳು ದೂರ ಇರ್ಲಿ. ನಮಸ್ಕಾರ.